ಗುಲಾಬಿ ಚಟ್ನಿಯ ಸೋಮವಾರ

ಅಡುಗೆಮನೆಯ ಬಾಗಿಲಿನಿಂದ ಎರಡು ಹೆಜ್ಜೆ ಒಳಗೆ, ಫ್ರಿಜ್ಜಿನ ಎಡಕ್ಕೆ ನಾನು ನಿಂತಿದ್ದೆ. 1986ರ ಮಾರ್ಚ್ ತಿಂಗಳು, ಸೋಮವಾರ, ಮಧ್ಯಾಹ್ನ ಹನ್ನೆರಡೂಕಾಲು. ಊರು ರೆಡ್‌ವುಡ್ ಸಿಟಿ. ಮನೆ ನಮ್ಮದಲ್ಲ, ಪಕ್ಕದ್ದು. ನನ್ನ ಕಣ್ಣೆದುರಿಗಿದ್ದದ್ದು ಬಲಗೈಯ ಒಂದು ಹೆಬ್ಬೆರಳು. ಅದರ ಉಗುರು ನಡುವೆ ಸೀಳಿತ್ತು. ವರ್ಷಗಟ್ಟಲೆ ಸೊಪ್ಪು ಚಿವುಟಿದ ಹಸಿರು ಆ ಸೀಳಿನಲ್ಲಿ ಕಪ್ಪಾಗಿ ನಿಂತುಬಿಟ್ಟಿತ್ತು. ಆ ಹೆಬ್ಬೆರಳು ಒಂದು ಗಾಜಿನ ಬಾಟಲಿಯ ಮುಚ್ಚಳವನ್ನು ತಿರುಗಿಸುತ್ತಿತ್ತು.

ಮುಚ್ಚಳ ತೆರೆದ ಮೇಲೆ ನಾನು ಕಂಡದ್ದನ್ನು ಹೇಳುವ ಮೊದಲು ಆ ಹೆಬ್ಬೆರಳು ಯಾರದೆಂದು ಹೇಳಬೇಕು. ಇಲ್ಲದಿದ್ದರೆ ಓದುವವರು ಅವರನ್ನು ತಪ್ಪಾಗಿ ತಿಳಿದುಕೊಂಡಾರು. ನಾನೂ ಬಹಳ ದಿನ ಹಾಗೆಯೇ ತಿಳಿದುಕೊಂಡಿದ್ದೆ.

ಅವರು ಗ್ರೀಸ್ ದೇಶದ ಕ್ರೀಟ್ ದ್ವೀಪದವರು. ಮದುವೆಯಾಗಿ ಅಮೆರಿಕಕ್ಕೆ ಬಂದವರು. ಗಂಡ ಬೂಟು ರಿಪೇರಿ ಅಂಗಡಿ ಇಟ್ಟಿದ್ದರಂತೆ. ನಾನು ಬರುವ ಹೊತ್ತಿಗೆ ತೀರಿಹೋಗಿದ್ದರು. ಒಬ್ಬಳೇ ಮಗಳು, ಆಸ್ಪತ್ರೆಯಲ್ಲಿ ನರ್ಸು, ಡ್ಯಾನ್‌ವಿಲ್‌ನಲ್ಲಿ ಸಂಸಾರ ಮಾಡಿಕೊಂಡಿದ್ದಳು. ವಾರಕ್ಕೊಮ್ಮೆ ಬಂದು ಹೋಗುತ್ತಿದ್ದಳು. ನಾನು ಅವರನ್ನು ಮನಸ್ಸಿನಲ್ಲಿ ಗ್ರೀಕ್ ಅಜ್ಜಿ ಎಂದು ಕರೆದುಕೊಳ್ಳುತ್ತಿದ್ದೆ. ಅವರು ನನ್ನನ್ನು ‘ಪೆಡಿಮು’ ಎನ್ನುತ್ತಿದ್ದರು. ನನ್ನ ಮಗುವೇ ಎಂದು ಅರ್ಥವಂತೆ. ನನಗಾಗ ಮೂವತ್ತೊಂದು.

ನಮ್ಮ ಪರಿಚಯ ಬೈಗುಳದಿಂದ ಶುರುವಾಯಿತು. ನಾನು ಆ ಬಾಡಿಗೆ ಮನೆಗೆ ಹೊಸಬ. ಹುಲ್ಲಿನ ನಡುವೆ ಹಳದಿ ಹೂವಿನ ಕಳೆ ಎದ್ದಿದೆ, ಔಷಧ ಹೊಡಿ ಎಂದು ಮನೆಯ ಮಾಲೀಕ ಒಂದು ಡಬ್ಬಿ ಕೊಟ್ಟುಹೋಗಿದ್ದ. ಶನಿವಾರ ಬೆಳಿಗ್ಗೆ ಅದನ್ನು ಹಿಡಿದು ನಿಂತೆ. ಬೇಲಿಯ ಆಚೆಯಿಂದ ಕೂಗು ಬಂತು.

“ಸ್ಟಾಪ್! ಊಟದ ಮೇಲೆ ವಿಷ ಹೊಡೀತೀಯಾ? ಹುಚ್ಚಾ ನಿನಗೆ?”

ಸೀರೆಯಷ್ಟೇ ಉದ್ದದ ಕಪ್ಪು ಅಂಗಿ ತೊಟ್ಟ ಮುದುಕಿ ಚಾಕು ಹಿಡಿದು ನನ್ನ ಅಂಗಳಕ್ಕೆ ಬಂದೇಬಿಟ್ಟರು. ಮಂಡಿಯೂರಿ, ಬೇರಿನ ಮೇಲೆ ಒಂದೇ ಏಟಿಗೆ ಕೊಯ್ದು, ಅರ್ಧ ಗಂಟೆಯಲ್ಲಿ ಅಂಗಳದ ಕಳೆಯನ್ನೆಲ್ಲ ಚೀಲಕ್ಕೆ ತುಂಬಿದರು. ಸಂಜೆ ಅದೇ ಸೊಪ್ಪು ಬೆಂದು, ಆಲಿವ್ ಎಣ್ಣೆ ಮತ್ತು ನಿಂಬೆರಸ ಹಾಕಿಸಿಕೊಂಡು ನನ್ನ ಬಾಗಿಲಿಗೆ ಬಂತು. ಕಹಿ ಇತ್ತು. ಆದರೆ ಊರು ಬಿಟ್ಟ ಮೇಲೆ ಅಂಥ ಕಹಿಯನ್ನು ನಾನು ತಿಂದೇ ಇರಲಿಲ್ಲ.

ಅವರ ಅಡುಗೆಮನೆಯಲ್ಲಿ ಎಣ್ಣೆ ಡಬ್ಬಿಗಳಲ್ಲಿ ಇರುತ್ತಿತ್ತು, ನಮ್ಮೂರಿನ ಸೀಮೆಎಣ್ಣೆ ಡಬ್ಬಿಯಷ್ಟು ದೊಡ್ಡವು. ಆಗ ಗ್ರೋಸರಿ ಅಂಗಡಿಯಲ್ಲಿ ಆಲಿವ್ ಎಣ್ಣೆ ಔಷಧದಂತೆ ಸಣ್ಣ ಶೀಶೆಯಲ್ಲಿ ಸಿಗುತ್ತಿತ್ತು. ಅದನ್ನು ನೋಡಿದರೆ ಅವರಿಗೆ ನಗು. “ಇದೇನು, ಕಿವಿಗೆ ಬಿಡೋಕಾ?” ಕಾಳು, ಸೊಪ್ಪು, ರೊಟ್ಟಿ, ಈರುಳ್ಳಿ, ಅಂಜೂರ. ಮಾಂಸ ದೊಡ್ಡ ಹಬ್ಬಕ್ಕೆ. ಮಧ್ಯಾಹ್ನ ಪರದೆ ಎಳೆದು ಒಂದು ಗಂಟೆ ನಿದ್ದೆ. ಆಮೇಲೆ ಫ್ರೀವೇ ಆಚೆಯ ಗುಡ್ಡದವರೆಗೆ ನಡಿಗೆ, ಕೈಯಲ್ಲಿ ಚೀಲ ಮತ್ತು ಚಾಕು.

ಮೇಜಿನ ಮೇಲೆ ಯಾವಾಗಲೂ ಎರಡು ತಟ್ಟೆ ಇಡುತ್ತಿದ್ದರು, ಯಾರೂ ಬರುವುದಿಲ್ಲವೆಂದು ಗೊತ್ತಿದ್ದ ದಿನವೂ. ನಾನು ಕಾರಣ ಕೇಳಿದ್ದೆ. “ಒಬ್ಬಳೇ ತಿಂದರೆ ನನಗೆ ಉಪ್ಪು ತಿಳಿಯೋದಿಲ್ಲ,” ಎಂದಿದ್ದರು.

ಒಂದು ಸಲ ಮಗಳು ಯಾವುದೋ ಪತ್ರಿಕೆಯ ಹಾಳೆ ಕತ್ತರಿಸಿ ತಂದಳು. ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ರೈತರು ತಿನ್ನುವಂತೆ ತಿಂದರೆ ಹೃದಯಕ್ಕೆ ಒಳ್ಳೆಯದು ಎಂದು ಅದರಲ್ಲಿತ್ತು. ಮಗಳು ಓದಿ ಹೇಳಿದಳು. ಅಜ್ಜಿ ಅವರೆಯ ನಾರು ಬಿಡಿಸುತ್ತಾ ಕೇಳಿದರು.

“ಎಣ್ಣೆ ಬರೆದಿದ್ದಾರಾ?”

“ಬರೆದಿದ್ದಾರೆ ಅಮ್ಮ.”

“ಸೊಪ್ಪು?”

“ಅದೂ ಇದೆ.”

“ಪಾದ್ರಿ ವರ್ಷದಲ್ಲಿ ಅರ್ಧ ದಿನ ಮಾಂಸ ತಿನ್ನಬೇಡ ಅಂತಿದ್ದ, ಉಳಿದರ್ಧ ದಿನ ಮನೇಲಿ ಮಾಂಸವೇ ಇರಲಿಲ್ಲ. ಅದನ್ನ ಬರೆದಿದ್ದಾರಾ? ಎದುರಿಗೆ ಯಾರನ್ನ ಕೂರಿಸಿಕೊಂಡು ತಿನ್ನಬೇಕು ಅಂತ ಬರೆದಿದ್ದಾರಾ?”

ಮಗಳು ಹಾಳೆ ಮಡಚಿಟ್ಟಳು.

ನನ್ನ ಅವ್ವ ಬಂದದ್ದು 1984ರ ಬೇಸಿಗೆಯಲ್ಲಿ. ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರು. ನನಗಿನ್ನೂ ಮದುವೆಯಾಗಿರಲಿಲ್ಲ. ಗದಗಿನ ಮನೆಯನ್ನು ಅಣ್ಣನಿಗೆ ಒಪ್ಪಿಸಿ, “ನಿನಗೊಂದು ಗಂಟು ಹಾಕೇ ಹೊಳ್ಳಿ ಹೋಗ್ತೀನಿ” ಎಂದು ಬಂದವಳು ಇಲ್ಲಿಯೇ ಉಳಿದಳು. ಕೊರಳಲ್ಲಿ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ದಿನವೂ ಪೂಜೆಯಾಗದೆ ನೀರು ಮುಟ್ಟುವವಳಲ್ಲ. ಸೋಮವಾರ ಒಪ್ಪತ್ತು, ಅಂದರೆ ಒಂದೇ ಊಟ. ಹೊರಗಿನ ಮನೆಯಲ್ಲಿ ಏನೂ ತಿನ್ನುತ್ತಿರಲಿಲ್ಲ. ಅಂಗಡಿಯ ಬಿಸ್ಕತ್ತನ್ನು ಕೂಡ ನನ್ನಿಂದ ಪೊಟ್ಟಣ ಓದಿಸಿ ತಿನ್ನುತ್ತಿದ್ದಳು.

ಬಂದ ಮೂರನೆಯ ದಿನವೇ ಅವ್ವನೂ ಅಜ್ಜಿಯೂ ಕೂಡಿಬಿಟ್ಟರು. ಕಾರು ನಿಲ್ಲಿಸುವ ಸಿಮೆಂಟಿನ ಬಿರುಕಿನಲ್ಲಿ ಗೋಳಿ ಪಲ್ಲೆಯ ಸೊಪ್ಪು ಹಬ್ಬಿತ್ತು. ಅದನ್ನು ಕಿತ್ತುಕೊಳ್ಳಲು ಬೇಲಿಯ ಈಚೆಯಿಂದ ಅವ್ವ ಬಗ್ಗಿದಳು, ಆಚೆಯಿಂದ ಅಜ್ಜಿ ಬಗ್ಗಿದರು. ಇಬ್ಬರೂ ತಲೆಯೆತ್ತಿ ಒಬ್ಬರನ್ನೊಬ್ಬರು ನೋಡಿದ್ದನ್ನು ನಾನು ಕಿಟಕಿಯಿಂದ ನೋಡಿದ್ದೇನೆ. ಚಳಿಗಾಲದ ಮಳೆ ಬಿದ್ದ ಮೇಲೆ ಅಜ್ಜಿ ಅವ್ವನನ್ನು ಗುಡ್ಡಕ್ಕೆ ಕರೆದೊಯ್ದರು. ನಾನು ಹಿಂದೆ ಹೋದೆ. ಹಳದಿ ಹೂವಿನ ಆ ಕಳೆಯನ್ನು ಅವ್ವ ಕಿತ್ತು, ಹಾಲು ಒಸರಿದ್ದನ್ನು ನೋಡಿ, ಮಣ್ಣು ಒರೆಸಿ ಹಸಿಯಾಗಿಯೇ ಬಾಯಿಗೆ ಹಾಕಿಕೊಂಡಳು.

“ಏ, ಇದು ನಮ್ಮ ಹಕ್ಕರಕಿ ಅಲ್ಲೇನೋ! ರೊಟ್ಟಿ ಕೂಡ ತಿನ್ನೂದು!”

ಹಕ್ಕರಕಿ ಅಲ್ಲ, ಅದರ ದೂರದ ಬಂಧು ಇರಬಹುದು. ನಾನು ತಿದ್ದಲಿಲ್ಲ. ಆಗಲೇ ರಸ್ತೆಯ ಪಕ್ಕ ಪೊಲೀಸ್ ಕಾರೊಂದು ನಿಂತಿತು. ಸೀರೆಯವಳೊಬ್ಬಳು, ಕಪ್ಪು ಅಂಗಿಯವರೊಬ್ಬರು, ಇಬ್ಬರ ಕೈಯಲ್ಲೂ ಚಾಕು. ದಾರಿ ತಪ್ಪಿದ್ದೀರಾ ಎಂದು ಆತ ಕೇಳಿದ. ಅಜ್ಜಿ ಅವನ ಕೈಗೆ ಒಂದು ಕಟ್ಟು ಸೊಪ್ಪು ಕೊಟ್ಟು, “ಬೇಯಿಸಿ ತಿನ್ನು, ಮುಖ ಹಳದಿಯಾಗಿದೆ ನಿಂದು,” ಎಂದರು. ಆತ ಇಸಿದುಕೊಂಡು ಹೋದ. ಅವ್ವ ಮನೆಯವರೆಗೂ ನಕ್ಕಳು. ಅಜ್ಜಿಯನ್ನು ‘ಅಕ್ಕಾ’ ಎಂದು ಕರೆಯತೊಡಗಿದ್ದು ಅಂದಿನಿಂದ.

ಆದರೂ ಅಕ್ಕನ ಮನೆಯಲ್ಲಿ ಊಟ ಮಾಡಲು ಅವ್ವ ಒಪ್ಪಲಿಲ್ಲ. ದಾರಿ ತೋರಿಸಿದವನು ನಾನು. ಅಜ್ಜಿಯ ಚರ್ಚಿನವರು ಬುಧವಾರ, ಶುಕ್ರವಾರ ಉಪವಾಸದ ಅಡುಗೆ ಮಾಡುತ್ತಾರೆ. ಈಸ್ಟರ್ ಹಬ್ಬದ ಮುಂಚೆ ವಾರಗಟ್ಟಲೆ ಮಾಡುತ್ತಾರೆ. ಆ ದಿನಗಳಲ್ಲಿ ಉಣ್ಣಬಹುದಲ್ಲ ಎಂದೆ. ಅವ್ವನ ಎದುರಿಗೇ ಅಜ್ಜಿಯನ್ನು ಪ್ರಶ್ನೆ ಕೇಳಿದೆ. ಮಾಂಸ? ಇಲ್ಲ. ಕೋಳಿ, ಕೋಳಿಮೊಟ್ಟೆ? ಇಲ್ಲ. ಮೀನು? ಇಲ್ಲ. ಹಾಲು, ತುಪ್ಪ? ಅದೂ ಇಲ್ಲ. ಕೆಲವು ಶುಕ್ರವಾರ ಎಣ್ಣೆಯೂ ಇಲ್ಲ.

“ಹಾಲೂ ಇಲ್ಲಂತ? ನಮ್ಮ ಶ್ರಾವಣಕ್ಕಿಂತ ಬಿಗಿ ಆತಲ್ಲೋ ಇದು!” ಎಂದಳು ಅವ್ವ. ಆಮೇಲೆ ನನ್ನ ಕಡೆ ತಿರುಗಿ, “ಕೊರಳಾಗ ಲಿಂಗ ಐತಿ. ನೀ ಖಾತ್ರಿ ಮಾಡ್ಕೊಂಡೀ ಹೌದಿಲ್ಲೋ?”

“ಮಾಡ್ಕೊಂಡೀನವ್ವಾ.”

ಈ ಮಾತನ್ನು ಹೇಳಿದವನು ನಾನು. ಬೇರೆ ಯಾರೂ ಅಲ್ಲ.

ಅಲ್ಲಿಂದ ಬುಧವಾರ, ಶುಕ್ರವಾರ ಎರಡನೆಯ ತಟ್ಟೆ ಅವ್ವನದಾಯಿತು. ಅಜ್ಜಿ ತನ್ನ ಶಿಲುಬೆ ಮುಟ್ಟಿಕೊಂಡು ಗ್ರೀಕಿನಲ್ಲಿ ಏನೋ ಹೇಳುವರು. ಅವ್ವ ಕರಡಿಗೆ ಮುಟ್ಟಿಕೊಂಡು ಕನ್ನಡದಲ್ಲಿ ಏನೋ ಹೇಳುವಳು. ಆಮೇಲೆ ಇಬ್ಬರೂ ನನ್ನ ಮದುವೆಯ ಬಗ್ಗೆ ಬೆರಳು ತೋರಿಸಿ ಮಾತಾಡಿಕೊಳ್ಳುವರು. ಅಷ್ಟಕ್ಕೆ ಭಾಷೆ ಬೇಕಿರಲಿಲ್ಲ.

ಈಸ್ಟರ್‌ನ ದೊಡ್ಡ ಉಪವಾಸ ಒಂದು ಸೋಮವಾರ ಶುರುವಾಗುತ್ತದೆ. ಶುದ್ಧ ಸೋಮವಾರ ಎನ್ನುತ್ತಾರೆ. ಹಿಂದಿನ ಭಾನುವಾರ ಸಂಜೆ ಅವರಲ್ಲಿ ಒಬ್ಬರ ಹತ್ತಿರ ಒಬ್ಬರು ಹೋಗಿ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುವ ಪದ್ಧತಿ. ಕೇಳಿಸಿಕೊಂಡವರು ‘ದೇವರು ಕ್ಷಮಿಸುತ್ತಾನೆ’ ಎನ್ನಬೇಕು. 1985ರಲ್ಲಿ ಅಜ್ಜಿ ನಮ್ಮ ಬಾಗಿಲಿಗೂ ಬಂದರು. ಅವ್ವನ ಎದುರಿಗೆ ತಲೆಬಾಗಿ ನಿಂತರು. ನಾನು ವಿವರಿಸಿದೆ. “ನಮ್ಮ ಬನ್ನಿ ಕೊಟ್ಟಂಗ,” ಎಂದು ಅವ್ವನಿಗೆ ತಟ್ಟನೆ ತಿಳಿಯಿತು. ದಸರೆಯಲ್ಲಿ ಬನ್ನಿ ಎಲೆ ಕೊಟ್ಟು ಜಗಳ ಮರೆಯುವವರು ನಾವು. ಅವ್ವ ಒಂದಿಷ್ಟು ಸಕ್ಕರೆ ತಂದು ಅಜ್ಜಿಯ ಕೈಗೆ ಹಾಕಿದಳು.

ಮರುದಿನ ಸೋಮವಾರ. ಅವ್ವನ ಒಪ್ಪತ್ತು. ಆ ಒಂದು ಊಟ ಅಜ್ಜಿಯ ಹಿತ್ತಲಲ್ಲಿ, ನಿಂಬೆ ಗಿಡದ ಕೆಳಗೆ. ಎಳ್ಳು ಮೆತ್ತಿದ ಚಪ್ಪಟೆ ರೊಟ್ಟಿ, ಕಾಳು, ಸೊಪ್ಪು, ಆಲಿವ್ ಕಾಯಿ, ಮತ್ತು ಒಂದು ಬಟ್ಟಲಿನಲ್ಲಿ ತಿಳಿ ಗುಲಾಬಿ ಬಣ್ಣದ ನುಣ್ಣನೆಯ ಚಟ್ನಿ. ಉಪ್ಪು, ಹುಳಿ, ಈರುಳ್ಳಿ, ಎಣ್ಣೆ. ಇನ್ನೊಂದು ವಾಸನೆ ಇತ್ತು. ಉಪ್ಪುನೀರಿನಲ್ಲಿಟ್ಟ ಆಲಿವ್ ಕಾಯಿಯದೆಂದುಕೊಂಡೆ. ನಾನೂ ತಿಂದೆ. ಅವ್ವ ಮೂರು ಸಲ ಹಾಕಿಸಿಕೊಂಡಳು. ಆಮೇಲೆ ವರ್ಷವಿಡೀ ಅದನ್ನೇ ನೆನೆಸಿದಳು. “ಅಕ್ಕನ ಗುಲಾಬಿ ಚಟ್ನಿ ಯಾವಾಗ?” ವರ್ಷಕ್ಕೊಮ್ಮೆ ಮಾಡುವುದೇ ಪದ್ಧತಿ, ಕಾಯಬೇಕು ಎಂದು ಅಜ್ಜಿ ಬೆರಳು ಎಣಿಸಿ ತೋರಿಸುತ್ತಿದ್ದರು.

ಹೀಗೆ 1986ರ ಆ ಸೋಮವಾರ ಬಂತು. ಬೆಳಿಗ್ಗೆ ಅವ್ವನನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ಯಲು ನಾನು ರಜೆ ಹಾಕಿದ್ದೆ. ಅಜ್ಜಿಯ ಮಗಳೂ ಬಂದಿದ್ದಳು. ಅವ್ವ ಹಿತ್ತಲಲ್ಲಿ ಕೂತಿದ್ದಳು. ತಟ್ಟೆ ಎತ್ತಿಕೊಡೋಣವೆಂದು ನಾನು ಒಳಗೆ ಹೋದೆ.

ಮುಚ್ಚಳ ತೆರೆಯಿತು. ಬಾಟಲಿಯ ಮೇಲೆ ಒಂದು ಮೀನಿನ ಚಿತ್ರವಿತ್ತು. ಅಜ್ಜಿ ಚಮಚದಿಂದ ಕಿತ್ತಳೆ ಬಣ್ಣದ ಗಟ್ಟಿ ಮುದ್ದೆಯನ್ನು ತೆಗೆದು ಒರಳಿಗೆ ಹಾಕಿದರು. ಚಮಚದ ಅಂಚಿನಲ್ಲಿ ಅಂಟಿದ್ದು ಬಿಡಿಬಿಡಿಯಾಗಿ ಕಾಣಿಸಿತು. ರಾಗಿಕಾಳಿಗಿಂತ ಸಣ್ಣವು, ದುಂಡಗಿನವು. ಒರಳಿನ ಪಕ್ಕ ನೆನೆಸಿದ ರೊಟ್ಟಿ, ನಿಂಬೆಹಣ್ಣು, ಈರುಳ್ಳಿ.

“ಅದೇನು?” ಎಂದೆ.

“ತರಮಾ,” ಎಂದರು ಅಜ್ಜಿ, ಇಷ್ಟೂ ಗೊತ್ತಿಲ್ಲವೇ ಎಂಬಂತೆ. “ನಿನ್ನ ಅಮ್ಮನ ಇಷ್ಟದ್ದು.”

ನಲ್ಲಿಯ ಹತ್ತಿರ ಸೊಪ್ಪು ತೊಳೆಯುತ್ತಿದ್ದ ಮಗಳು ಬಿಡಿಸಿ ಹೇಳಿದಳು. “ಮೀನಿನ ತತ್ತಿ. ಉಪ್ಪು ಹಾಕಿಟ್ಟಿರುತ್ತಾರೆ.”

ನಾನು ಕೂಗಾಡಲಿಲ್ಲ. ಕಿಟಕಿಯಲ್ಲಿ ಅವ್ವನ ಬೆನ್ನು ಕಾಣುತ್ತಿತ್ತು. “ನೀವು ಮೀನು ಇಲ್ಲ ಅಂದಿದ್ದಿರಿ,” ಎಂದೆ. “ನನ್ನ ತಾಯಿಯ ಎದುರಿಗೆ ಹೇಳಿದ್ದಿರಿ. ಹೋದ ವರ್ಷ ಆಕೆ ಇದನ್ನು ತಿಂದಳು. ಮೂರು ಸಲ ಬಡಿಸಿದಿರಿ.”

ಅಜ್ಜಿಗೆ ಮೊದಲು ತಿಳಿಯಲಿಲ್ಲ. ಮಗಳು ಗ್ರೀಕಿನಲ್ಲಿ ಹೇಳಿದಳು. ಅಜ್ಜಿ ಉತ್ತರಿಸಿದರು, ಮಗಳು ಇಂಗ್ಲಿಷಿಗೆ ತಂದಳು. “ಮೀನಿಗೆ ರಕ್ತ ಇದೆ, ಅದಕ್ಕೇ ಬೇಡ. ಇದರಲ್ಲಿ ರಕ್ತ ಇಲ್ಲ. ಸಮುದ್ರದಲ್ಲಿ ರಕ್ತ ಇಲ್ಲದ್ದು ಉಪವಾಸಕ್ಕೆ ನಡೆಯುತ್ತದೆ. ಆಕ್ಟೋಪಸ್ಸು, ಚಿಪ್ಪಿನ ಹುಳ, ಇದು. ನನ್ನ ಅಜ್ಜಿಯೂ ಹೀಗೇ ಮಾಡುತ್ತಿದ್ದಳು. ನಾನು ಸುಳ್ಳು ಹೇಳಿಲ್ಲ.”

ಅವರು ಸುಳ್ಳು ಹೇಳಿರಲಿಲ್ಲ. ಮೀನು ತಿನ್ನದ ಮನೆಯಲ್ಲಿ ಹುಟ್ಟಿದವನಿಗೆ ಮೀನಿನ ತತ್ತಿ ಎಂಬ ತಿನ್ನುವ ಪದಾರ್ಥ ಇದೆಯೆಂದೇ ಗೊತ್ತಿರುವುದಿಲ್ಲ; ಹಾಗಾಗಿ ಕೇಳುವುದೂ ಇಲ್ಲ. ಇದು ಈಗ ಹೊಳೆದ ಮಾತು. ಆಗ ನನಗೆ ಅನ್ನಿಸಿದ್ದು ಒಂದೇ. ಮೋಸ. ಎರಡು ವರ್ಷದ ಸೊಪ್ಪು, ಕಾಳು, ನಗು, ಎಲ್ಲವೂ ಆ ಕಿತ್ತಳೆ ಮುದ್ದೆಯೊಳಗೆ ಹೋಗಿ ಕಲಸಿದಂತಾಯಿತು. ಅವರ ಕೈಯಿಂದ ತಿಂದ ಪ್ರತಿಯೊಂದು ತುತ್ತನ್ನೂ ಹಿಂದಕ್ಕೆ ಹೋಗಿ ಅನುಮಾನದಿಂದ ನೋಡಿದೆ. ಗುಡ್ಡದ ಸೊಪ್ಪನ್ನೂ ಬಿಡಲಿಲ್ಲ.

“ಪ್ರಾಣಿಯಾಗಬಹುದಾದ ಯಾವುದನ್ನೂ ಅವಳು ಮುಟ್ಟುವುದಿಲ್ಲ,” ಎಂದೆ. “ಅವಳ ದೇವರು ಅವಳ ಕೊರಳಲ್ಲೇ ಇದ್ದಾನೆ. ನಿಮಗೆ ಗೊತ್ತಿತ್ತು.”

ಮಗಳು ಅದನ್ನು ಹೇಳುವಾಗ ನಲ್ಲಿ ನಿಲ್ಲಿಸಿದಳು. ಅಜ್ಜಿಯ ಮುಖ ಕೆಳಗಿಳಿಯಿತು. ಚಮಚ ಇಟ್ಟು, ಕೈ ತೊಳೆದು, ಮುಂದೆ ಕಟ್ಟಿಕೊಂಡಿದ್ದ ಬಟ್ಟೆ ಬಿಚ್ಚಿ ಹಿತ್ತಲ ಬಾಗಿಲ ಕಡೆ ಹೊರಟರು.

“ಎಲ್ಲಿಗೆ?”

“ಅವಳಿಗೆ ಹೇಳೋಕೆ. ಕಾಲು ಹಿಡಿಯೋಕೆ.”

ನಾನು ಬಾಗಿಲಿಗೆ ಅಡ್ಡ ನಿಂತೆ. “ಬೇಡ. ನಿಮ್ಮ ಮಾತು ಅವಳಿಗೆ ತಿಳಿಯುವುದಿಲ್ಲ. ಇವತ್ತು ಸಂಜೆ ನಾನೇ ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ನೀವು ಕ್ಷಮೆ ಕೇಳಿದಿರಿ ಅಂತಲೂ ಹೇಳುತ್ತೇನೆ.”

“ಪ್ರಾಮಿಸ್?” ಎಂದರು ಅಜ್ಜಿ.

“ಪ್ರಾಮಿಸ್.”

ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹಿತ್ತಲಿಗೆ ಹೋಗಿ, ಆಫೀಸಿನಿಂದ ಕರೆ ಬಂದಿದೆ, ಈಗಲೇ ಮನೆಗೆ ಹೋಗಬೇಕು ಎಂದು ಅವ್ವನನ್ನು ಎಬ್ಬಿಸಿದೆ. “ಉಂಡು ಹೋಗೂಣಲ್ಲೋ, ಒಪ್ಪತ್ತು ನಂದು,” ಎಂದಳು. ನಾನು ಕೈ ಹಿಡಿದು ನಡೆಸಿದೆ. ಬೇಲಿಯ ಹತ್ತಿರ ಅವ್ವ ತಿರುಗಿ ಕಿಟಕಿಯ ಕಡೆ ಕೈಬೀಸಿದಳು. ಕಿಟಕಿಯಲ್ಲಿ ಅಜ್ಜಿ ನಿಂತಿದ್ದರು. ಅವರು ಕೈ ಎತ್ತಲಿಲ್ಲ. ಅವ್ವ ಅದನ್ನು ನೋಡಿದಳು.

ಸಂಜೆ ನಾನು ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಅವ್ವ ಅನ್ನ ಬಿಟ್ಟಾಳು, ಪ್ರಾಯಶ್ಚಿತ್ತ ಎಂದು ಏನಾದರೂ ಮಾಡಿಕೊಂಡಾಳು ಎಂದು ಹೆದರಿದೆ. ಇದು ನಾನು ಆಗ ನನಗೇ ಕೊಟ್ಟುಕೊಂಡ ಕಾರಣ. ಅದರ ಕೆಳಗೆ ಇನ್ನೊಂದಿತ್ತು. ಹೇಳಿದರೆ ಅವ್ವ ಕೇಳುವ ಮೊದಲ ಮಾತು ಅಕ್ಕನ ಬಗ್ಗೆ ಆಗಿರುತ್ತಿರಲಿಲ್ಲ. ‘ನೀ ಖಾತ್ರಿ ಮಾಡ್ಕೊಂಡಿದ್ದೆಲ್ಲೋ?’ ಎಂಬುದಾಗಿರುತ್ತಿತ್ತು.

ಬುಧವಾರ ಬಂತು. “ಅಕ್ಕಗ ಮೈಯಾಗ ಆರಾಮಿಲ್ಲಂತ. ಇನ್ನ ಮುಂದ ಊಟದ ತ್ರಾಸು ಬ್ಯಾಡ ಅಂದ್ಲು,” ಎಂದೆ. ಅವ್ವ ಖಿಚಡಿ ಮಾಡಿ ನನ್ನ ಕೈಯಲ್ಲಿ ಕಳಿಸಿದಳು. ಅದನ್ನು ನಾನು ಆಫೀಸಿನಲ್ಲಿ ತಿಂದೆ. ಪಾತ್ರೆ ತೊಳೆದು ವಾಪಸು ತಂದೆ. ಅವ್ವ ಪಾತ್ರೆಯೊಳಗೆ ನೋಡಿದಳು. ಅಜ್ಜಿ ಯಾವತ್ತೂ ಪಾತ್ರೆಯನ್ನು ಖಾಲಿ ಕಳಿಸಿದವರಲ್ಲ. ಒಂದು ನಿಂಬೆಹಣ್ಣಾದರೂ ಇರುತ್ತಿತ್ತು.

“ಬರಿದ ಕಳಿಸ್ಯಾಳ,” ಎಂದಳು ಅವ್ವ. ಮತ್ತೆ ಕೆಲವು ದಿನ ಬಿಟ್ಟು, “ನಾ ಏನ್ ತಪ್ಪು ಮಾಡಿದೆ ಅಂತ ಒಂದ್ ಮಾತು ಕೇಳಿಕೊಂಡು ಬಾರೋ. ಆಕಿ ನನ್ನ ಕೈ ಯಾಕ ಬಿಟ್ಲು?”

ಕೇಳಿಕೊಂಡು ಬರುತ್ತೇನೆಂದೆ. ಹೋಗಲಿಲ್ಲ. ಅವ್ವ ಬೇಲಿಯ ಕಡೆಯ ಬಾಗಿಲು ಬಿಟ್ಟು ಮುಂಬಾಗಿಲಿನಿಂದ ಓಡಾಡತೊಡಗಿದಳು. ಅಜ್ಜಿ ಗುಡ್ಡಕ್ಕೆ ಒಬ್ಬರೇ ಹೋಗುವುದು ಕಾಣುತ್ತಿತ್ತು. ಒಂದು ಸಲ ಇಬ್ಬರೂ ಒಂದೇ ಹೊತ್ತಿಗೆ ಅಂಚೆ ಪೆಟ್ಟಿಗೆಯ ಹತ್ತಿರ ಬಂದರು. ಅಜ್ಜಿ ತಲೆಬಾಗಿ ನಿಂತರು. ಅವ್ವ ಮುಖ ತಿರುಗಿಸಿ ಒಳಗೆ ಬಂದಳು. ತನ್ನನ್ನು ಬಿಟ್ಟವಳ ಎದುರು ನಿಲ್ಲಲಾರದೆ ಒಳಗೆ ಬಂದಳು. ಅಜ್ಜಿ ಅದನ್ನು ಕ್ಷಮಿಸಲಾರೆ ಎಂಬ ಉತ್ತರವೆಂದು ತಿಳಿದರು.

ಮುಂದಿನ ವರ್ಷ, ಉಪವಾಸದ ಹಿಂದಿನ ಭಾನುವಾರ, ಸಂಜೆ ಐದರ ಸುಮಾರಿಗೆ ಅವರು ನಮ್ಮ ಬಾಗಿಲಿಗೆ ಬಂದರು. ಅವ್ವ ಒಳಕೋಣೆಯಲ್ಲಿ ಪೂಜೆಗೆ ಕೂತಿದ್ದಳು. ನಾನು ಬಾಗಿಲನ್ನು ಅರ್ಧ ತೆರೆದು, ಆ ಅರ್ಧದಲ್ಲಿ ನಿಂತೆ.

“ಅವಳು ಕ್ಷಮಿಸಿದಳಾ, ಪೆಡಿಮು?”

“ಇನ್ನೂ ಇಲ್ಲ,” ಎಂದೆ.

ಅವರು ತಲೆಯಾಡಿಸಿದರು. ತಪ್ಪಿಗೆ ತಕ್ಕದ್ದೇ ಎಂಬಂತೆ. ಚೀಲದಿಂದ ಎರಡು ನಿಂಬೆಹಣ್ಣು ತೆಗೆದು ಮೆಟ್ಟಿಲ ಮೇಲಿಟ್ಟು ಹೋದರು. ಅವನ್ನು ನಾನು ಕಾರಿನಲ್ಲಿಟ್ಟೆ. ಅಲ್ಲಿಯೇ ಒಣಗಿದವು.

1988ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡರು. ಚರ್ಚಿಗೆ ನಾನೊಬ್ಬನೇ ಹೋದೆ. ಬೆರಳುಗಳನ್ನು ಎದೆಯ ಮೇಲೆ ಜೋಡಿಸಿದ್ದರು. ಸೀಳಿದ ಉಗುರಿನ ಕಪ್ಪನ್ನು ಯಾರೋ ತಿಕ್ಕಿ ತೊಳೆದಿದ್ದರು. ಮಗಳು ನನ್ನ ಪಕ್ಕದಲ್ಲಿ ನಿಂತು ಹೇಳಿದಳು. “ಕೊನೆಯ ಎರಡು ವರ್ಷ ಅಮ್ಮ ಯಾವ ಅಡುಗೆಗೂ ಉಪ್ಪಿಲ್ಲ ಎನ್ನುತ್ತಿದ್ದಳು. ನಾನು ಹಾಕುತ್ತಲೇ ಇದ್ದೆ.”

ಸುದ್ದಿ ಕೇಳಿದ ಅವ್ವ ಆ ದಿನ ಊಟ ಮಾಡಲಿಲ್ಲ. “ಸಾಯೂ ಮುಂದೂ ಕರೀಲಿಲ್ಲ ನೋಡು ನನ್ನ,” ಎಂದಳು. ಆಮೇಲೆ ಹನ್ನೆರಡು ವರ್ಷ ಬದುಕಿದ್ದಳು. ಪ್ರತಿ ಚಳಿಗಾಲ ಮಳೆ ಬಿದ್ದ ಮೇಲೆ ಅಂಗಳದ ಹಳದಿ ಹೂವಿನ ಸೊಪ್ಪು ಕಿತ್ತು, ಎಣ್ಣೆ, ನಿಂಬೆ ಹಾಕಿ, ಅಕ್ಕ ಮಾಡುತ್ತಿದ್ದಂತೆಯೇ ಮಾಡುತ್ತಿದ್ದಳು. ಮಾಡಿ, ಬಿಟ್ಟುಹೋದವಳನ್ನು ಬೈದುಕೊಂಡು ತಿನ್ನುತ್ತಿದ್ದಳು. ನಾನು ಎದುರಿಗೆ ಕೂತು ತಿನ್ನುತ್ತಿದ್ದೆ. ಹೇಳಲಿಲ್ಲ.

ಮೋಸ ಮಾಡಿದವರು ಅಜ್ಜಿ ಎಂದು ನಾನು ಬಹಳ ವರ್ಷ ಹಿಡಿದುಕೊಂಡಿದ್ದೆ. ಆ ಕಿತ್ತಳೆ ಮುದ್ದೆ ನೆನಪಾದಾಗ ಈಗಲೂ ಸಿಟ್ಟು ಬರುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಅವರು ತಿಳಿಯದೆ ಮಾಡಿದರು. ತಿಳಿದ ಕೂಡಲೇ ಕೈ ತೊಳೆದು, ಕಾಲು ಹಿಡಿಯಲು ಹೊರಟರು. ಬಾಗಿಲಿಗೆ ಅಡ್ಡ ನಿಂತವನು ನಾನು. ಎರಡು ಜೀವಗಳು ಒಂದು ಬೇಲಿಯ ಎರಡು ಕಡೆ, ಆ ಕಡೆಯವಳು ತನ್ನನ್ನು ತೊರೆದಳು ಎಂದುಕೊಂಡೇ ಹೋದವು.

ಅಜ್ಜಿಯ ಮಗಳು ಈಗಲೂ ಪ್ರತಿ ವರ್ಷ ಆ ಭಾನುವಾರ ನನಗೆ ಫೋನ್ ಮಾಡುತ್ತಾಳೆ. ತಾಯಿಯ ಪರವಾಗಿ, ನನ್ನ ತಾಯಿಯ ಕ್ಷಮೆಯನ್ನು ನನ್ನಲ್ಲಿ ಕೇಳುತ್ತಾಳೆ. ನಾನು ‘ದೇವರು ಕ್ಷಮಿಸುತ್ತಾನೆ’ ಎಂದು ಫೋನ್ ಇಡುತ್ತೇನೆ. ಈ ವರ್ಷ ಹಾಗೆ ಇಡಬಾರದೆಂದು ಇದನ್ನು ಮೊದಲು ನನ್ನ ಭಾಷೆಯಲ್ಲಿ ಬರೆದುಕೊಂಡಿದ್ದೇನೆ.

ಆ ಮಧ್ಯಾಹ್ನ ಆ ಅಡುಗೆಮನೆಯಲ್ಲಿ ಮೂವರಿದ್ದೆವು. ಬಾಟಲಿಯ ಮುಚ್ಚಳ ತೆರೆದವರು ಇಲ್ಲ. ಹೊರಗೆ ನಿಂಬೆ ಗಿಡದ ಕೆಳಗೆ ಊಟಕ್ಕೆ ಕಾಯುತ್ತಾ ಕೂತಿದ್ದವಳೂ ಇಲ್ಲ. ನಲ್ಲಿ ನಿಲ್ಲಿಸಿ, ನಾನು ಮಾತು ಕೊಟ್ಟದ್ದನ್ನು ಕಣ್ಣಾರೆ ಕಂಡ ಮಗಳು ಇದ್ದಾಳೆ. ಎಂಬತ್ತರ ಹತ್ತಿರ ಬಂದಿದ್ದಾಳೆ. ಡ್ಯಾನ್‌ವಿಲ್‌ನಲ್ಲಿ, ಅದೇ ಮನೆಯಲ್ಲಿ.